ಎರಡು ಡಜನ್ ಪೊಲೀಸಪ್ಪ

ಒಡಿಲಿಯಾ ಬ್ರಾಂದೊಲಿನ್‌ಗೆ ಬೇಕರಿ ಮಾಲೀಕರನ್ನು ಕಂಡರೆ ಆಗುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಅವರ ಸಂಘದ ಕಾರ್ಯದರ್ಶಿಯಾಗಿ ದುಡಿದವಳು. ಅಷ್ಟು ತಾತ್ಸಾರವನ್ನು ಅವಳು ಬೆವರು ಸುರಿಸಿಯೇ ಸಂಪಾದಿಸಿದ್ದಳು. ವಿಲ್ಯಾ ಕಾರ್ಮೆಲಾ ಪಟ್ಟಣ, ನದಿಯಾಚೆಯ ಹಳ್ಳಿಗಳು ಎಲ್ಲ ಸೇರಿ ಸಂಘಕ್ಕೆ ಮೂವತ್ತೆಂಟು ಸದಸ್ಯರು. ಮೂವತ್ತೆಂಟು ಹೊಟ್ಟೆ ಇವೆ, ಮೂವತ್ತೆಂಟು ಬಾಯಿ ಇವೆ, ಓದುವ ಕಣ್ಣು ಮಾತ್ರ ಒಂದು ಜೊತೆಯೂ ಇಲ್ಲ ಎಂದು ತಂಗಿ ಅಮಾಂದಾಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಸಂಘದ ಕಚೇರಿ ಬಿತ್ತನೆ ಬೀಜದ ಅಂಗಡಿಯ ಮೇಲೆ, ಮಹಡಿಯಲ್ಲಿ. ಎರಡು ಕೋಣೆ, ಒಂದು ಉಕ್ಕಿನ ಬೀರು, ಕೆಮ್ಮುತ್ತ ಕೆಲಸ ಮಾಡುವ ಒಂದು ಜೆರಾಕ್ಸ್ ಯಂತ್ರ, ಗೋಡೆಯ ಮೇಲೆ ಸಾಲಾಗಿ ಹಳೆಯ ಅಧ್ಯಕ್ಷರ ಫೋಟೋಗಳು. ಪ್ರತಿ ಮಂಗಳವಾರ ಒಡಿಲಿಯಾ ಸುತ್ತೋಲೆ ಹೊರಡಿಸುತ್ತಿದ್ದಳು. ಬ್ರೆಡ್ಡಿಗೆ ಎಷ್ಟು ಉಪ್ಪು ಹಾಕಬಹುದು, ಯಾವ ರಜೆ ಯಾವ ದಿನಕ್ಕೆ ಬದಲಾಗಿದೆ, ಹೊಸ ಫಾರಂ ಯಾವುದು, ಹೆರಿಗೆ ರಜೆಯ ನಿಯಮ ಏನು, ಎಲ್ಲವೂ ಅದರಲ್ಲಿರುತ್ತಿತ್ತು. ರಾಜಧಾನಿಯಲ್ಲಿ ಕುಳಿತವರು ಬರೆದ ನಾಲ್ಕು ಪುಟದ ಕಗ್ಗಂಟನ್ನು ಸ್ಕೇಲು ಇಟ್ಟು ಸಾಲು ಸಾಲಾಗಿ ಓದಿ, ಬಿಡಿಸಿ, ಒಂದು ಪುಟಕ್ಕೆ ಇಳಿಸುತ್ತಿದ್ದಳು. ಏನು ಮಾಡಬೇಕು, ಯಾವತ್ತಿನೊಳಗೆ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ. ಅವಳ ಅಪ್ಪ ಊರಿನ ಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿದ್ದವನು. ಒಂದು ಅಲ್ಪವಿರಾಮ ತಪ್ಪಿದರೂ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ಆ ರೋಗ ಮಗಳಿಗೂ ಬಂದಿತ್ತು.

ಈ-ಮೇಲ್ ಬಂದ ಕಾಲಕ್ಕೆ ಮೂವತ್ತೆಂಟು ಜನರಿಗೂ ತಾನೇ ಕೂತು ವಿಳಾಸ ಮಾಡಿಕೊಟ್ಟಳು. ಒಂದು ತಿಂಗಳಲ್ಲಿ ಎಲ್ಲರೂ ಪಾಸ್‌ವರ್ಡ್ ಮರೆತರು. ಹಾಗಾಗಿ ಮತ್ತೆ ಕಾಗದವೇ ಗತಿಯಾಯಿತು. ಹಿಟ್ಟಿನ ವ್ಯಾನಿನವನು ಮೂಟೆಯ ಜೊತೆಗೆ ಸುತ್ತೋಲೆಯನ್ನೂ ಇಳಿಸಿ, 'ತಲುಪಿದೆ' ಎಂಬ ಹಾಳೆಗೆ ಸಹಿ ಹಾಕಿಸಿಕೊಂಡು ಬರುತ್ತಿದ್ದ. ಸಹಿಗೇನೂ ಕೊರತೆ ಇರಲಿಲ್ಲ. ಸಹಿ ಹಾಕುವುದೆಂದರೆ ಆ ಜನಕ್ಕೆ ಬೆನ್ನು ತುರಿಸಿಕೊಂಡಷ್ಟೇ ಸಲೀಸು.

ಒಂದು ಭಾನುವಾರ ಅವಳು ಅತಿಲಿಯೊ ಪೆರಾಸ್ಸೊನ ಬೇಕರಿಯಿಂದ ಒಂದು ಡಜನ್ ಸಿಹಿ ಬನ್ನು ತಂದಳು. ಮನೆಯಲ್ಲಿ ದಾರ ಬಿಚ್ಚಿದರೆ ಒಳಗೆ ಹಾಸಿದ್ದು ತನ್ನದೇ ಸುತ್ತೋಲೆ. ಉಪ್ಪಿನ ಪ್ರಮಾಣದ ಬಗ್ಗೆ ಆರು ದಿನ ಕಷ್ಟಪಟ್ಟು ಬರೆದದ್ದು. 'ಕಡ್ಡಾಯವಾಗಿ' ಎಂಬ ಪದದ ಮೇಲೆ ಬೆಣ್ಣೆ ಕರಗಿ ಕೂತಿತ್ತು. ಅಮಾಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿನ್ನ ಬರಹಕ್ಕೆ ಕೊನೆಗೂ ರುಚಿ ಬಂತಲ್ಲೇ!"

ಒಡಿಲಿಯಾಗೆ ಮೈಯೆಲ್ಲ ಉರಿಯಿತು. ಈ ಜನರ ಯೋಗ್ಯತೆಯನ್ನು ಒಮ್ಮೆ ಅಳೆದೇ ಬಿಡಬೇಕೆಂದು ಮುಂದಿನ ವಾರದ ಸುತ್ತೋಲೆಯಲ್ಲಿ, ಯೀಸ್ಟ್ ಶೇಖರಣೆಯ ಪ್ಯಾರಾದ ನಡುವೆ ಒಂದು ಸಾಲು ತುರುಕಿದಳು: 'ಈ ಸಾಲನ್ನು ಓದಿದವರು ಸಂಘದ ಕಚೇರಿಗೆ ಬಂದು ಒಂದು ಇಡೀ ಹಂದಿಮರಿಯನ್ನು ಬಹುಮಾನವಾಗಿ ಪಡೆಯತಕ್ಕದ್ದು.' ಮೂವತ್ತೆಂಟು ಸಹಿ ಬಂದವು. ಹಂದಿಮರಿ ಕೇಳಿ ಒಬ್ಬನೂ ಬರಲಿಲ್ಲ. ಪುಕ್ಕಟೆ ಸಿಗುತ್ತದೆಂದರೆ ಹೆಣದ ಮೆರವಣಿಗೆಯಲ್ಲೂ ಕೈ ಚಾಚುವ ಜನ, ಹಂದಿಮರಿಯನ್ನೇ ಬಿಟ್ಟರಲ್ಲ ಎಂದು ಅವಳಿಗೆ ಒಳಗೊಳಗೇ ತೃಪ್ತಿಯೂ ಆಯಿತು.

ಮೂರನೇ ವಾರ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡ, ಐವತ್ತರ ಹತ್ತಿರದ ಒಬ್ಬ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಹಂದಿಮರಿ ಇಲ್ಲೇ ಕೊಡ್ತೀರೋ, ಬೇರೆ ಕಡೆ ಹೋಗ್ಬೇಕೋ, ದೋನ್ಯಾ ಒಡಿಲಿಯಾ?"

"ಯಾವ ಹಂದಿಮರಿನಪ್ಪಾ?"

ಅವನು ನಾಲ್ಕು ಮಡಿಕೆಯಾಗಿದ್ದ, ಎಣ್ಣೆ ಹತ್ತಿದ ಕಾಗದ ಬಿಡಿಸಿ ತೋರಿಸಿದ. "ತಟ್ಟೆ ಅಡಿಗೆ ಹಾಸಿದ್ರು. ಓದ್ದೆ."

"ನೀನು ಮಾಲೀಕನಾ?"

"ನೋಡಿದ್ರೆ ಹಂಗ್ ಕಾಣ್ತೀನಾ? ಪೆರಾಸ್ಸೊ ಹತ್ರ ಒಲೆ ಕೆಲ್ಸ. ಹಸಿಂತೊ ಲೆದೆಸ್ಮಾ ಅಂತ."

"ಇದು ಮಾಲೀಕರಿಗೆ ಬರೆದಿದ್ದು ಕಣಪ್ಪಾ."

"ಅವ್ರು ಓದ್ಲಿಲ್ವಲ್ಲ. 'ಓದಿದವರು' ಅಂತ ಬರ್ದಿದೀರಿ. ಓದಿದ ಮಾಲೀಕರು ಅಂತ ಎಲ್ಲಾದ್ರೂ ಇದ್ರೆ ತೋರ್ಸಿ, ವಾಪಸ್ ಹೋಗ್ತೀನಿ."

ಪದದ ವಿಷಯದಲ್ಲಿ ಒಡಿಲಿಯಾ ಜನ್ಮದಲ್ಲಿ ಸೋತಿರಲಿಲ್ಲ. ಅವತ್ತು ಸೋತಳು. ಶನಿವಾರ ಸಂತೆಗೆ ಹೋಗಿ ಹಂದಿಮರಿ ಕೊಂಡು ಅವನ ಮನೆಗೆ ಕಳಿಸಿದಳು. ಅಲ್ಲಿಂದ ಮುಂದೆ ಹಸಿಂತೊ ಆಗಾಗ ಮೆಟ್ಟಿಲು ಹತ್ತಿ ಬರುತ್ತಿದ್ದ. ಅವಳು ಸೋರೆ ಬುರುಡೆಯಲ್ಲಿ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು ಕಷಾಯ ಮಾಡಿಕೊಡುತ್ತಿದ್ದಳು, ಅವನು ಹೀರುತ್ತ, "ಮೊನ್ನೆದ್ರಲ್ಲಿ ನಾಲ್ಕನೇ ಸಾಲು ಎರಡು ಅರ್ಥ ಬರುತ್ತೆ" ಅನ್ನುತ್ತಿದ್ದ. ಅವಳು ಮುಖ ಗಂಟಿಕ್ಕಿಕೊಂಡು ಪೆನ್ಸಿಲ್ ತೆಗೆಯುತ್ತಿದ್ದಳು. ಮಾಲೀಕರಿಗೆಂದು ಹೊರಡುವ ಸುತ್ತೋಲೆಯನ್ನು ತಾನು ಈಗ ಒಲೆ ಕೆಲಸದವನೊಬ್ಬನಿಗಾಗಿ ಬರೆಯುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಹಾಗೆಂದು ಸದಸ್ಯರು ಏನನ್ನೂ ಓದುತ್ತಲೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ಒಂದು ಸಾಲನ್ನು ಅವರು ಕಣ್ಣಿಗೆ ಒತ್ತಿಕೊಂಡು ಓದುತ್ತಿದ್ದರು.

ಸಂಘದ ಅಧ್ಯಕ್ಷ ದೋನ್ ರೆಮೋ ಸ್ಕಾಲ್ಯೋನೆ. ಕೂದಲಿಗೆ ಕಪ್ಪು ಬಣ್ಣ, ಮೂರು ಅಂಗಡಿಯ ಒಡೆತನ, ಮೈಕು ಸಿಕ್ಕಿದಲ್ಲೆಲ್ಲ "ನಮ್ಮ ಸಂಘ ಸದಸ್ಯರನ್ನು ಎಂದೂ ಕತ್ತಲಲ್ಲಿ ಇಡುವುದಿಲ್ಲ" ಎನ್ನುವ ಚಟ. ಅವನ ಹೆಂಡತಿಯ ತಮ್ಮ ತಪಾಸಣೆಯ ಇಲಾಖೆಯಲ್ಲಿದ್ದ. ಇನ್ಸ್‌ಪೆಕ್ಟರು ಈ ಕಡೆ ಹೊರಡುವ ಹಿಂದಿನ ದಿನ ಭಾವನಿಗೆ ಒಂದು ಫೋನು. ಭಾವನಿಂದ ಒಡಿಲಿಯಾಗೆ ಒಂದು ಫೋನು. ಅವಳು ಸದಸ್ಯರ ಮೊಬೈಲ್ ಗುಂಪಿಗೆ ಹಾಕುತ್ತಿದ್ದಳು: 'ನಾಳೆ ಎರಡು ಡಜನ್ ಪೊಲೀಸಪ್ಪ.'

ಪೊಲೀಸಪ್ಪ ಎಂದರೆ ತಿನ್ನುವ ವಸ್ತು. ಲಾಠಿಯ ಹಾಗೆ ಉದ್ದಕ್ಕೆ, ಮೇಲೆ ಹಣ್ಣಿನ ಪಾಕ ಸವರಿದ ಬನ್ನು. ಹಿಂದಿನ ಕಾಲದ ರೊಟ್ಟಿ ಕೆಲಸಗಾರರು ಸರ್ಕಾರವನ್ನೂ ಇಗರ್ಜಿಯನ್ನೂ ಸೈನ್ಯವನ್ನೂ ಒಟ್ಟಿಗೆ ಹಂಗಿಸಲೆಂದು ತಾವು ಮಾಡುವ ಬನ್ನುಗಳಿಗೆ ಹೀಗೆಲ್ಲ ಹೆಸರಿಟ್ಟರೆಂದು ಊರಲ್ಲಿ ಹೇಳುತ್ತಾರೆ. ಅದಕ್ಕೇ ಬೇಕರಿಗಳಲ್ಲಿ ಪೊಲೀಸಪ್ಪನೂ ಉಂಟು, ಫಿರಂಗಿಯೂ ಉಂಟು, ಉಬ್ಬಿದ ಕೆನೆಬನ್ನಿಗೆ ಸಿಸ್ಟರಮ್ಮನ ನಿಟ್ಟುಸಿರು ಎಂಬ ಹೆಸರೂ ಉಂಟು. ಕೆಲಸಗಾರರು ಮಾಲೀಕರ ವಿರುದ್ಧ ಕಟ್ಟಿದ ಆ ತಮಾಷೆಯನ್ನು ಮಾಲೀಕರು ಈಗ ಕೆಲಸಗಾರರ ಕಣ್ಣಿಗೆ ಮಣ್ಣೆರಚಲು ಬಳಸುತ್ತಿದ್ದರು. ಅಷ್ಟು ಬುದ್ಧಿ ಮಾತ್ರ ಅವರಿಗಿತ್ತು.

ಆ ಸಾಲು ಹೋದ ಒಂದೇ ನಿಮಿಷದಲ್ಲಿ ಮೂವತ್ತೆಂಟು ಹೆಬ್ಬೆರಳು ಮೇಲೇಳುತ್ತಿದ್ದವು. ಮರುದಿನ ಬೇಕರಿಗಳು ಮದುವೆ ಮನೆಯಾಗುತ್ತಿದ್ದವು. ಬೆಕ್ಕುಗಳು ಗೋಣಿಚೀಲ ಸೇರುತ್ತಿದ್ದವು, ತಲೆಗಳ ಮೇಲೆ ಬಿಳಿ ಟೋಪಿ ಕೂರುತ್ತಿತ್ತು, ರಿಜಿಸ್ಟರಿನಲ್ಲಿ ಹೆಸರಿಲ್ಲದ ಕೆಲಸಗಾರರಿಗೆ ಇದ್ದಕ್ಕಿದ್ದಂತೆ ರಜೆ ಸಿಗುತ್ತಿತ್ತು. ಇನ್ಸ್‌ಪೆಕ್ಟರು ಬಸ್ಸು ಹತ್ತಿದ ಮೇಲೆ ಎಲ್ಲವೂ ಮೊದಲಿನಂತೆ. ಒಡಿಲಿಯಾ ಅಂಥ ನಲವತ್ತು ಸಂದೇಶ ಕಳಿಸಿದ್ದಳು. ಹೇಳಿದ್ದನ್ನು ಕಳಿಸುವುದಷ್ಟೇ ನನ್ನ ಕೆಲಸ, ಪಾಪಪುಣ್ಯ ಹೇಳಿದವರದ್ದು ಎಂದು ಕೈ ತೊಳೆದುಕೊಂಡಿದ್ದಳು. ಈ ಒಂದು ಸಾಲನ್ನಾದರೂ ಓದುತ್ತಾರಲ್ಲ ಎಂಬ ಕೆಟ್ಟ ಖುಷಿಯೂ ಅವಳಿಗಿತ್ತು.

ಹಂದಿಮರಿ ಕೊಟ್ಟ ಮರುವರ್ಷ, ಹಿಟ್ಟು ಲಟ್ಟಿಸುವ ರೋಲರ್ ಯಂತ್ರದ ಬಗ್ಗೆ ಮೊದಲಿದ್ದ ನಿಯಮವನ್ನೇ ಬಿಗಿ ಮಾಡಿ ಹೊಸ ಆದೇಶ ಬಂತು. ಉರುಳೆಗಳ ಮುಂದೆ ಕಬ್ಬಿಣದ ಜಾಲರಿ ಇಲ್ಲದೆ ಯಂತ್ರ ಓಡಿಸುವಂತಿಲ್ಲ. ಒಡಿಲಿಯಾ ಸುತ್ತೋಲೆ ಬರೆದು, ಯಂತ್ರದ ಚಿತ್ರವನ್ನೂ ಬಿಡಿಸಿ ಕಳಿಸಿದಳು. ಒಂದು ವಾರ ಕಳೆದು, ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹಸಿಂತೊ ಬಂದ. ಯಾವತ್ತಿನ ಹಾಗೆ ಟೋಪಿ ತೆಗೆದು ನಗಲಿಲ್ಲ.

"ಎರಡನೇ ಅಂಶ, ದೋನ್ಯಾ. ಜಾಲರಿ ಇಲ್ದೆ ಓಡಿಸೋ ಹಾಗಿಲ್ಲ. ಇದು ನಿಜಾನಾ?"

"ಸುಳ್ಳು ಬರೆಯೋಕೆ ನನಗೇನು ಹುಚ್ಚಾ?"

"ನಮ್ಮಲ್ಲಿ ಜಾಲರಿ ಇದೆ. ಗೋಡೆ ಮೇಲೆ ಮೊಳೆಗೆ ನೇತಾಕಿದೆ. ಅದಿದ್ರೆ ಕೆಲ್ಸ ನಿಧಾನ ಅಂತಾರೆ ಪೆರಾಸ್ಸೊ. ಒಲೆ ಕೆಲ್ಸದಿಂದ ತೆಗ್ದು ನನ್ನ ರೋಲರ್‌ಗೆ ಹಾಕಿ ಎಂಟು ತಿಂಗಳಾಯ್ತು. ನಿಕನೋರ್ ಹೋದ ಮೇಲೆ."

ನಿಕನೋರ್ ಸಾಂಚೆಸ್‌ನನ್ನು ಊರೆಲ್ಲ ಬಲ್ಲದು. ಬಸ್ ನಿಲ್ದಾಣದಲ್ಲಿ ಲಾಟರಿ ಚೀಟಿ ಮಾರುತ್ತಾನೆ, ಎಡಗೈಯಲ್ಲಿ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿರುವುದು.

"ಈ ಕಾಗದ ಪೆರಾಸ್ಸೊಗೆ ತೋರಿಸ್ದೆ. ಏನಂದ್ರು ಗೊತ್ತಾ? 'ಇದು ನನಗೆ ಬಂದ ಕಾಗದ, ನಿನಗಲ್ಲ. ಬೇರೆಯವರ ಕಾಗದ ಓದೋದು ಕೆಟ್ಟ ಚಾಳಿ ಕಣೋ' ಅಂದ್ರು." ಅವನು ಎಡ ತೋಳನ್ನು ಮುಂದೆ ಚಾಚಿದ. ಅಂಗಿಯ ತೋಳು ಮೊಣಕೈವರೆಗೆ ಹರಿದು ಹೋಗಿತ್ತು. "ಮೊನ್ನೆ ಹಿಟ್ಟಿನ ಜೊತೆ ಇದನ್ನೂ ಎಳ್ಕೊಳ್ತು. ಬಟ್ಟೆ ಹಳೇದಾಗಿತ್ತು, ಹರೀತು, ಬಚಾವಾದೆ. ಹೊಸ ಅಂಗಿ ಹಾಕಿದ್ರೆ ಕೈ ಹೋಗೋದು."

ಒಡಿಲಿಯಾ ಬಿಸಿನೀರಿನ ಫ್ಲಾಸ್ಕು ಎತ್ತಿಕೊಂಡಳು.

"ಒಂದ್ ಮಾತು ಕೇಳ್ತೀನಿ. ನಿಮಗೆ ಕಾನೂನೆಲ್ಲ ಗೊತ್ತು. ಇನ್ಸ್‌ಪೆಕ್ಟರ್ ಬರೋ ಹಿಂದಿನ ಸಂಜೆ ಪೆರಾಸ್ಸೊ ತಾನಾಗೇ ಜಾಲರಿ ಬೋಲ್ಟ್ ಮಾಡಿಸ್ತಾರೆ. ಅವ್ರು ಹೋದ ಗಳಿಗೇಲೇ ಬಿಚ್ಚಿಸ್ತಾರೆ. ನಿಕನೋರ್ ಬೆರಳು ಹೋಗಿದ್ದೂ ಹಂಗೆ ಬಿಚ್ಚಿದ ಮಾರನೇ ದಿನವೇ. ಯಾರೋ ಮುಂಚೆ ಹೇಳ್ತಿದಾರೆ. ಯಾರಿರಬೌದು?"

ನೀರು ಬುರುಡೆ ತುಂಬಿ ಮೇಜಿನ ಮೇಲೆ ಹರಿಯಿತು.

"ನನಗೇನು ಗೊತ್ತು?" ಎಂದಳು ಒಡಿಲಿಯಾ.

ಅವನು ನಂಬಿದ. ನಂಬಿದ್ದೇ ಅವಳಿಗೆ ಚುಚ್ಚಿತು. ಇಡೀ ಪಟ್ಟಣದಲ್ಲಿ ತಾನು ಬರೆದದ್ದನ್ನು ಓದುವವನು ಒಬ್ಬ. ಆ ಒಬ್ಬನಿಗೆ ಸುಳ್ಳು ಹೇಳಿ ಕಳಿಸಿದ್ದಳು. ಅವತ್ತು ಸಂಜೆ ಮನೆಗೆ ಹೋಗುವಾಗ ಬಸ್ ನಿಲ್ದಾಣದ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಹೋದಳು.

ಮರುದಿನ ದೋನ್ ರೆಮೋ ಸಹಿ ಹಾಕಲು ಬಂದಾಗ ಅವಳು ಬಾಯಿ ಬಿಟ್ಟಳು. "ಪೆರಾಸ್ಸೊಗೆ ನೀವು ಒಂದು ಮಾತು ಹೇಳ್ಬೇಕು, ದೋನ್ ರೆಮೋ. ಆ ಜಾಲರಿ ಹಾಕ್ಲೇಬೇಕು. ಇನ್ನೊಂದು ಕೈ ಹೋಗುತ್ತೆ."

"ಸುತ್ತೋಲೆ ಕಳಿಸಿದೀಯಾ?"

"ಕಳಿಸಿದೀನಿ."

"ಸಹಿ ಬಂದಿದೆಯಾ?"

"ಬಂದಿದೆ."

"ಮತ್ತಿನ್ನೇನು ನಿನ್ನ ರಾಗ? ತಿಳಿಸೋದು ಸಂಘದ ಕೆಲಸ, ತಿಳ್ಕೊಳ್ಳೋದು ಅವರ ಹಣೆಬರಹ. ನಾನೇನು ಅವರ ಅಮ್ಮನಾ, ಕೈ ಕಾಯ್ತಾ ಕೂರೋಕೆ?" ಓದದೆಯೇ ಏಳು ಕಾಗದಕ್ಕೆ ಸಹಿ ಹಾಕಿ, ಕಪ್ಪು ಕೂದಲು ನೇವರಿಸಿಕೊಂಡು ಇಳಿದು ಹೋದ.

ಅಷ್ಟರಲ್ಲಿ ಸಂಘದ ಎಪ್ಪತ್ತೈದನೇ ವರ್ಷದ ಸಮಾರಂಭ ಬಂತು. ಮೇಯರ್ ಬರುತ್ತಾರೆ, ಪಾದ್ರಿ ಬರುತ್ತಾರೆ, ಶಾಲೆಯ ಬ್ಯಾಂಡು ಬರುತ್ತದೆ. ಸಮಾರಂಭದ ಹಿಂದಿನ ದಿನ ರೆಮೋ ಕ್ಷೌರದ ಕುರ್ಚಿಯಿಂದಲೇ ಫೋನು ಮಾಡಿದ.

"ಒಡೀ, ತಿನ್ನೋಕೆ ಏನೂ ಹೇಳಿಲ್ಲ ಕಣೇ! ಒಂದೊಂದು ಬೇಕರಿಯಿಂದ ಎರಡು ಡಜನ್ ಪೊಲೀಸಪ್ಪ ಕಳಿಸ್ಬೇಕು. ಈಗಲೇ ಗುಂಪಿಗೆ ಹಾಕು."

"ಪೊಲೀಸಪ್ಪನೇ ಬೇಕಾ?"

"ಮೇಯರ್‌ಗೆ ಇಷ್ಟ. ಹೇಳಿದ್ದು ಮಾಡು."

ಅವಳು ಹೇಳಿದ್ದು ಮಾಡಿದಳು: 'ನಾಳೆ ಎರಡು ಡಜನ್ ಪೊಲೀಸಪ್ಪ, ಸಮಾರಂಭಕ್ಕೆ, ಹತ್ತು ಗಂಟೆಯೊಳಗೆ ಸಭಾಂಗಣಕ್ಕೆ ತಲುಪಿಸಬೇಕು.' ಮೂವತ್ತೆಂಟು ಹೆಬ್ಬೆರಳು ಎದ್ದವು. ಈ ಮಹಾನುಭಾವರು ಒಂದೇ ಸಾಲಿನ ಸಂದೇಶದಲ್ಲೂ ಅರ್ಧ ಮಾತ್ರ ಓದುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವರ ಬಗ್ಗೆ ಅಷ್ಟು ಕೀಳಾಗಿ ಅವಳು ಕೂಡ ಯೋಚಿಸಿರಲಿಲ್ಲ.

ಮರುದಿನ ವಿಲ್ಯಾ ಕಾರ್ಮೆಲಾದಲ್ಲಿ ಬ್ರೆಡ್ಡು ಸಿಗಲಿಲ್ಲ. ಅರ್ಧದಷ್ಟು ಕೆಲಸಗಾರರನ್ನು ಮನೆಗೆ ಅಟ್ಟಿದ್ದರು, ಉಳಿದವರು ಗೋಡೆ ತೊಳೆಯುತ್ತಿದ್ದರು. ಬೇಕರಿಗಳು ಫಳಫಳ, ಒಲೆಗಳು ತಣ್ಣಗೆ. ರೆಮೋ ತನ್ನ ಮೂರು ಅಂಗಡಿಗೇ ವಿಷಯ ಬಿಡಿಸಿ ಹೇಳುವುದನ್ನು ಮರೆತಿದ್ದ, ಅಲ್ಲೂ ಇದೇ ಕಥೆ. ಹೆಂಗಸರು ಖಾಲಿ ಚೀಲ ಹಿಡಿದು ಬೀದಿಯಲ್ಲಿ ನಿಂತು ಬೈದರು. ಬೇಕರಿ ಮಾಲೀಕರ ಸಂಘದ ಎಪ್ಪತ್ತೈದನೇ ಹಬ್ಬದಲ್ಲಿ ಮೇಯರು ಕಿರಾಣಿ ಅಂಗಡಿಯ ಪ್ಯಾಕೆಟ್ ಬಿಸ್ಕತ್ತು ಕಡಿದರು. ಸಂಜೆಯವರೆಗೆ ಕಾದರೂ ಇನ್ಸ್‌ಪೆಕ್ಟರ್ ಪತ್ತೆಯಿಲ್ಲ. ಗುಂಪಿನಲ್ಲಿ ಬೈಗುಳದ ಸುರಿಮಳೆ. ಯಾರದೋ ಹೆಂಡತಿ ಆ ಬೈಗುಳವನ್ನು ಊರಿನ ರೇಡಿಯೋದವನಿಗೆ ತೋರಿಸಿದಳು. ಅವನು ಎರಡು ದಿನ ಬೆಳಗ್ಗೆ ಬೆಳಗ್ಗೆ "ಪೊಲೀಸಪ್ಪ ಎಲ್ಲಿ ಕಾಣೆಯಾದಪ್ಪ" ಎಂದು ಹಾಡು ಕಟ್ಟಿ ಹಾಡಿದ.

ರೆಮೋ ತುರ್ತು ಸಭೆ ಕರೆದ. ಅವತ್ತು ಟಿವಿಯಲ್ಲಿ ಫುಟ್‌ಬಾಲ್ ಇತ್ತು, ಒಬ್ಬನೂ ಬರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ನಿಂತು ಅವನು ಒಡಿಲಿಯಾ ಮೇಲೆ ಹರಿಹಾಯ್ದ.

"ಎಲ್ಲ ನಿನ್ನಿಂದ. ಇನ್ನು ಮೇಲೆ ಆ ಪೊಲೀಸಪ್ಪನ ಸಹವಾಸ ಬೇಡ. ಇನ್ಸ್‌ಪೆಕ್ಟರ್ ಬರೋದಿದ್ರೆ ಸಿಸ್ಟರಮ್ಮನ ನಿಟ್ಟುಸಿರು ಅನ್ನು. ಯಾರಿಗೂ ಅನುಮಾನ ಬರಲ್ಲ."

"ಸದಸ್ಯರಿಗೆ ಹೇಗೆ ತಿಳಿಸ್ಲಿ? ಗುಂಪಿಗೆ ಹಾಕ್ಲಾ?"

"ಆ ರೇಡಿಯೋ ಕತ್ತೆ ಕೇಳಿಸ್ಕೊಳ್ಲಿ ಅಂತಾನಾ?"

"ಒಬ್ಬೊಬ್ಬರಿಗೂ ಫೋನ್ ಮಾಡ್ಲಾ?"

"ಫೋನ್ ಯಾಕೆ? ಇಪ್ಪತ್ತೇಳು ವರ್ಷದಿಂದ ಸುತ್ತೋಲೆ ಸುತ್ತೋಲೆ ಅಂತ ನನ್ನ ತಲೆ ತಿಂದಿದೀಯಲ್ಲ, ಸುತ್ತೋಲೇಲೇ ಹಾಕು. ಎದ್ದು ಕಾಣೋ ಹಾಗೆ ಬೇಡ, ಕೊನೇಲಿ ಎಲ್ಲಾದ್ರೂ ಸೇರಿಸು. ಓದ್ತಾರೆ."

"ಓದ್ತಾರಾ?"

"ಓದ್ದೆ ಏನು ಮಾಡ್ತಾರೆ? ಹೋಗು."

ಒಡಿಲಿಯಾ ಕಚೇರಿಗೆ ಬಂದು ಕೂತಳು. ಫೋನು ಕೈಗೆಟುಕುವಲ್ಲೇ ಇತ್ತು. ಮೂವತ್ತೆಂಟು ಕರೆ ಎಂದರೆ ಒಂದು ಮಧ್ಯಾಹ್ನದ ಕೆಲಸ. ಹಿಂದೆ ಇದಕ್ಕಿಂತ ಸಣ್ಣ ವಿಷಯಕ್ಕೂ ಅವಳು ಕರೆ ಮಾಡಿದ್ದುಂಟು. ಅವಳು ಆ ಹರಿದ ತೋಳನ್ನು ನೆನೆದಳು. ಫೋನಿಗೆ ಅದರ ಪ್ಲಾಸ್ಟಿಕ್ ಹೊದಿಕೆ ಹಾಕಿ ಪಕ್ಕಕ್ಕೆ ಸರಿಸಿ, ಸುತ್ತೋಲೆ ಬರೆಯತೊಡಗಿದಳು. ಆರು ಅಂಶಗಳಲ್ಲಿ ಸಕ್ಕರೆ ಮೇಳ, ಇಲಿ ಔಷಧ, ಚಳಿಗಾಲದ ರಜೆ ಇತ್ಯಾದಿ ಬಂದವು. ಏಳನೇ ಅಂಶ: 'ಇನ್ನು ಮುಂದೆ ಸಂಘವು ಪೊಲೀಸಪ್ಪ ಎಂದು ತಿಳಿಸುತ್ತಿದ್ದ ಸಂದರ್ಭಗಳಲ್ಲಿ ಸಿಸ್ಟರಮ್ಮನ ನಿಟ್ಟುಸಿರು ಎಂದು ತಿಳಿಸಲಾಗುವುದು. ಸದಸ್ಯರು ಗಮನಿಸತಕ್ಕದ್ದು.' ಅಚ್ಚುಕಟ್ಟಾದ ವಾಕ್ಯ. ಒಂದು ಅಕ್ಷರ ತಪ್ಪಿಲ್ಲ. ಅವಳ ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ. ಶುಕ್ರವಾರ ಮೂವತ್ತೆಂಟು ಸಹಿ ಬಂದವು.

ಮೂರು ವಾರ ಅವಳಿಗೆ ನೆಮ್ಮದಿ ಇರಲಿಲ್ಲ. ಅಷ್ಟರೊಳಗೆ ಆ ಯಂತ್ರ ಹಸಿಂತೊನ ಕೈ ಎಳೆದುಕೊಂಡರೆ ತನ್ನ ಅಚ್ಚುಕಟ್ಟು ವಾಕ್ಯಕ್ಕೆ ಮೂರು ಕಾಸಿನ ಬೆಲೆ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆಂಬುಲೆನ್ಸಿನ ಸದ್ದು ಕೇಳಿದಾಗಲೆಲ್ಲ ಎದ್ದು ಕಿಟಕಿಗೆ ಹೋಗುತ್ತಿದ್ದಳು. ಕೊನೆಗೊಂದು ಸಂಜೆ ರೆಮೋನ ಫೋನು ಬಂತು. "ನಾಳೆ. ಹೊಸ ಪದ ಹಾಕು." ಅವಳು ಹಾಕಿದಳು: 'ನಾಳೆ ಎರಡು ಡಜನ್ ಸಿಸ್ಟರಮ್ಮನ ನಿಟ್ಟುಸಿರು.' ಹೆಬ್ಬೆರಳುಗಳು ಎದ್ದವು. ಒಬ್ಬ ಕೇಳಿದ, 'ಕೆನೆ ಹಾಕಿದ್ದೋ, ಹಾಕದೇ ಇರೋದೋ?' ಇನ್ನೊಬ್ಬ ಕೇಳಿದ, 'ಈ ಸಲ ನಿಜವಾಗ್ಲೂ ತಿನ್ನೋಕೆ ತಾನೇ?' ಅವಳು ಉತ್ತರಿಸಿದಳು: 'ಸುತ್ತೋಲೆ ನೋಡಿ.' ಯಾರೂ ನೋಡಲಿಲ್ಲ.

ಬೆಳಗ್ಗೆ ಎಂಟು ಗಂಟೆಯಿಂದ ಡಬ್ಬಗಳು ಬರತೊಡಗಿದವು. ಹೋದ ಸಲದ ಅವಮಾನ ತೊಳೆದುಕೊಳ್ಳಲು ಒಬ್ಬೊಬ್ಬರೂ ಪೈಪೋಟಿಯ ಮೇಲೆ ಮಾಡಿದ್ದರು. ಮೇಜಿನ ಮೇಲೆ, ಬೀರುವಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಎಲ್ಲಿ ನೋಡಿದರೂ ನಿಟ್ಟುಸಿರು. ಮೂವತ್ತೇಳು ಡಬ್ಬ. ರೆಮೋನದು ಮಾತ್ರ ಬರಲಿಲ್ಲ. ಅವನಿಗೆ ಪದದ ಅರ್ಥ ಗೊತ್ತಿತ್ತಲ್ಲ, ಅವನ ಮೂರು ಅಂಗಡಿಗಳಲ್ಲಿ ಆಗಲೇ ಗೋಡೆ ತೊಳೆದಾಗಿತ್ತು.

ಇತ್ತ ಪೆರಾಸ್ಸೊನ ಬೇಕರಿಯಲ್ಲಿ ಹಸಿಂತೊ ಜಾಲರಿಯಿಲ್ಲದ ರೋಲರ್ ಮುಂದೆ ನಿಂತಿದ್ದ. ಏಳನೇ ಅಂಶ ಅವನು ಓದಿದ್ದ; ಸಮಾರಂಭದ ದಿನ ಗೋಡೆ ತೊಳೆದವನಿಗೆ ಪೊಲೀಸಪ್ಪ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಹಿಂದಿನ ಸಂಜೆ ಪೆರಾಸ್ಸೊ "ನಾಳೆ ಸಂಘಕ್ಕೆ ಸಿಸ್ಟರಮ್ಮನ ನಿಟ್ಟುಸಿರು ಮಾಡ್ಬೇಕು ಕಣೋ" ಅಂದಾಗ ನಾಳೆ ಇನ್ಸ್‌ಪೆಕ್ಟರ್ ಬರುತ್ತಾರೆಂದು ಅವನಿಗೆ ತಿಳಿದುಹೋಗಿತ್ತು. ಆಗಲೇ ಒಂದು ಮಾತು ಹೇಳಿದ್ದರೆ ಜಾಲರಿ ಮೊಳೆಯಿಂದ ಇಳಿಯುತ್ತಿತ್ತು. ಬೆಳಗ್ಗೆ ಅವನ ಕೈ ಸುರಕ್ಷಿತವಾಗಿರುತ್ತಿತ್ತು, ಆ ಒಂದು ಬೆಳಗ್ಗೆ ಮಾತ್ರ. ಬೇರೆಯವರ ಕಾಗದ ಓದಿದ್ದನ್ನು ಒಪ್ಪಿಕೊಂಡು ಇನ್ನೊಮ್ಮೆ ಬೈಸಿಕೊಳ್ಳುವುದೇಕೆಂದು ಬಾಯಿಗೆ ಬೀಗ ಹಾಕಿಕೊಂಡ. ಬಾಗಿಲ ಕಡೆ ಒಂದು ಕಣ್ಣು, ಉರುಳೆಗಳ ಕಡೆ ಒಂದು ಕಣ್ಣು ಇಟ್ಟು ಮೂರು ಗಂಟೆ ಹೊತ್ತು ಹಿಟ್ಟು ತಳ್ಳಿದ. ಅಷ್ಟು ಭಯಪಟ್ಟು ಅವನು ಯಾವತ್ತೂ ಕೆಲಸ ಮಾಡಿರಲಿಲ್ಲ. ಇನ್ಸ್‌ಪೆಕ್ಟರ್ ಹೆಂಗಸು ಒಳಗೆ ಬಂದಾಗ ಪೆರಾಸ್ಸೊ ಕೆನೆ ನೆಕ್ಕುತ್ತ ನಿಂತಿದ್ದ, ಅವನ ಕಾಲ ಬಳಿ ಬೆಕ್ಕು, ಅವನ ತಲೆಯ ಮೇಲೆ ಗೋಡೆಯಲ್ಲಿ ಜಾಲರಿ.

"ನನಗೆ ಯಾರೂ ತಿಳಿಸ್ಲೇ ಇಲ್ಲ ಮೇಡಂ," ಎಂದ ಪೆರಾಸ್ಸೊ. "ಈ ಸಂಘ ಏನನ್ನೂ ತಿಳಿಸಲ್ಲ."

ಆಕೆ ಯಂತ್ರಕ್ಕೆ ಸೀಲು ಹಾಕಿದಳು. ಜಾಲರಿ ತೆಗೆದರೆ ಮೋಟಾರೇ ನಿಲ್ಲುವಂತೆ ತಂತಿ ಜೋಡಿಸುವವರೆಗೆ ಸೀಲು ಒಡೆಯುವಂತಿಲ್ಲ ಎಂದು ಬರೆದು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಸಂಘದ ಮೆಟ್ಟಿಲು ಹತ್ತಿ, ಡಬ್ಬಗಳ ನಡುವೆ ದಾರಿ ಮಾಡಿಕೊಂಡು ಒಡಿಲಿಯಾ ಎದುರು ಕೂತಳು. ಒಡಿಲಿಯಾ ಬೀರು ತೆಗೆದು ಜಾಲರಿಯ ಸುತ್ತೋಲೆಯನ್ನೂ ಪೆರಾಸ್ಸೊ ಸಹಿಯ ಹಾಳೆಯನ್ನೂ ಮುಂದಿಟ್ಟಳು. ಆಕೆ ಎರಡು ಸಲ ಓದಿದಳು.

"ಇಷ್ಟು ಚೆನ್ನಾಗಿ ಬರೆದಿದೀರಲ್ಲ," ಎಂದಳು. "ಇದನ್ನ ಓದ್ಲೂ ಇಲ್ವಾ ಆ ಮನುಷ್ಯ? ಮತ್ತೆ ಈ ಡಬ್ಬಗಳೇನು?"

"ಸಿಸ್ಟರಮ್ಮನ ನಿಟ್ಟುಸಿರು. ಒಂದು ತಗೊಳ್ಳಿ."

ಆಕೆ ಎರಡು ತಿಂದಳು.

ದಂಡದ ಚೀಟಿ ಸಿಕ್ಕಿದ ಸದಸ್ಯರು ರೆಮೋನ ಮನೆಗೆ ನುಗ್ಗಿದರು. ಅವನ ಅಂಗಡಿಗಳು ಮಾತ್ರ ಹೇಗೆ ಹೊಳೆಯುತ್ತಿದ್ದವು, ತಾನೊಬ್ಬ ಬಚಾವಾಗಿ ಉಳಿದವರನ್ನು ಹಳ್ಳಕ್ಕೆ ತಳ್ಳಿದನೋ ಎಂದು ಕೊರಳಪಟ್ಟಿ ಹಿಡಿದರು. ಏಳನೇ ಅಂಶದ ಮಾತೆತ್ತಿದರೆ, ಎಲ್ಲಿಯ ಏಳನೇ ಅಂಶ ಎಂದು ಮುಖ ಮುಖ ನೋಡಿಕೊಂಡರು. ಪ್ರಾಣ ಉಳಿಸಿಕೊಳ್ಳಲು ರೆಮೋ ತಪ್ಪೆಲ್ಲವನ್ನೂ ಕಾರ್ಯದರ್ಶಿಯ ತಲೆಗೆ ಕಟ್ಟಿದ. ಕಚೇರಿಗೆ ಬಂದು, ಕೂರದೆ, ಗೋಡೆಯ ಫೋಟೋಗಳನ್ನು ನೋಡುತ್ತ ಹೇಳಿ ಬರೆಸಿದ: 'ಶ್ರೀಮತಿ ಒಡಿಲಿಯಾ ಬ್ರಾಂದೊಲಿನ್ ಇವರನ್ನು ಒಂದನೇ ತಾರೀಖಿನಿಂದ ಕೆಲಸದಿಂದ ತೆಗೆಯಲಾಗಿದೆ ಎಂದು ಸದಸ್ಯರಿಗೆ ತಿಳಿಸಲಾಗಿದೆ.' ಅವಳು ಎರಡನೇ 'ಲಾಗಿದೆ'ಯನ್ನು 'ಲಾಗುತ್ತಿದೆ' ಎಂದು ತಿದ್ದಿ, ಕ್ರಮಸಂಖ್ಯೆ ಹಾಕಿ, ಮೂವತ್ತೆಂಟು ಪ್ರತಿ ತೆಗೆದು ಕಳಿಸಿದಳು. ಮೂವತ್ತೆಂಟು ಸಹಿ ಬಂದವು. ರೆಮೋ ಊರಿನ ಬಿಸಿ ಆರುವವರೆಗೆಂದು ಬಿಸಿನೀರಿನ ಬುಗ್ಗೆಗಳಿರುವ ಊರಿಗೆ ಹೊರಟುಹೋದ.

ಒಂದನೇ ತಾರೀಖು ಸೋಮವಾರ. ತನ್ನ ಸಾಮಾನು ತರಲೆಂದು ಅವಳು ಕಚೇರಿಗೆ ಹೋದಳು. ಬಾಗಿಲು ತೆಗೆಯುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. "ಒಡಿಲಿಯಾ, ಆ ಹಿಟ್ಟಿನ ಫಾರಂ ಯಾವ್ದು?" ಇನ್ನೊಂದು ಕರೆ. ಮತ್ತೊಂದು. ಅವಳಿಲ್ಲ ಎಂದು ಒಬ್ಬನಿಗೂ ಗೊತ್ತಿರಲಿಲ್ಲ. ಅವಳು ಕೂತು ಉತ್ತರಿಸಿದಳು. ಮಂಗಳವಾರವೂ ಬಂದಳು, ಬುಧವಾರವೂ ಬಂದಳು.

ಬುಧವಾರ ಹಸಿಂತೊ ಮೆಟ್ಟಿಲು ಹತ್ತಿದ. ಎರಡೂ ಕೈಯಲ್ಲಿ ಸುತ್ತೋಲೆ ಹಿಡಿದಿದ್ದ. ಉಗುರ ಸಂದಿಯಲ್ಲಿ ಹಿಟ್ಟಿದ್ದ ಹತ್ತು ಬೆರಳುಗಳನ್ನೂ ಅವಳು ಎಣಿಸಿದಳು.

"ನೀವಿಲ್ಲ ಅಂತ ಬರ್ದಿದೆ ಇದ್ರಲ್ಲಿ."

"ಬೇರೆ ಯಾರೂ ಓದಿಲ್ಲ. ಯಂತ್ರ ಹೇಗಿದೆ?"

"ಜಾಲರಿ ಮುಟ್ಟಿದ್ರೆ ಮೋಟಾರ್ ನಿಂತೋಗುತ್ತೆ. ಪೆರಾಸ್ಸೊ ದಿನಾ ಬೈಕೊಂಡು ನೋಡ್ತಾರೆ." ಅವನು ಕೂರಲಿಲ್ಲ. ಅವಳು ಚಾಚಿದ ಮಾಟೆ ಬುರುಡೆಯನ್ನೂ ತೆಗೆದುಕೊಳ್ಳಲಿಲ್ಲ. "ಏಳನೇ ಅಂಶ ಓದಿದಾಗ ಗೊತ್ತಾಯ್ತು, ದೋನ್ಯಾ. ಮುಂಚೆ ಹೇಳ್ತಿದ್ದೋರು ಯಾರು ಅಂತ."

ಒಡಿಲಿಯಾ ಬುರುಡೆಯನ್ನು ಕೆಳಗಿಟ್ಟಳು.

"ನಿಕನೋರ್ ಬೆರಳು ಹೋದ ಸಲಾನೂ ನೀವೇನಾ?"

"ನಾನೇ."

ಅವನು ಸುತ್ತೋಲೆಯನ್ನು ಮಡಿಚಿ ಮೇಜಿನ ಮೇಲಿಟ್ಟ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನೀವು ಅವ್ರ ಥರ ಅಲ್ಲ ಅಂದ್ಕೊಂಡಿದ್ದೆ," ಅಂದು ಟೋಪಿ ಹಾಕಿಕೊಂಡು ಇಳಿದು ಹೋದ.

ಮೂವತ್ತೆಂಟು ಜನರ ಮೇಲೆ ಇಪ್ಪತ್ತೇಳು ವರ್ಷ ಕಾದಿಟ್ಟಿದ್ದ ತಾತ್ಸಾರವೆಲ್ಲ ಒಟ್ಟಿಗೆ ತನ್ನ ಮೇಲೆಯೇ ತಿರುಗಿದ ಹಾಗಾಯಿತು ಅವಳಿಗೆ. ಅವರು ಓದದೆ ಮಾಡಿದ್ದರು. ಇವಳು ಓದಿ, ಅರ್ಥ ಮಾಡಿಕೊಂಡು, ಕಾಗುಣಿತ ತಿದ್ದಿ ಮಾಡಿದ್ದಳು. ಆ ಮಧ್ಯಾಹ್ನವೇ ಅವಳು ಇನ್ನೊಂದು ಸುತ್ತೋಲೆ ಬರೆದಳು. ಒಂದೇ ಅಂಶ. ಯಾವ ಸಂಜೆ ತಾನು ಯಾವ ಸಂದೇಶ ಕಳಿಸಿದೆ, ಪೆರಾಸ್ಸೊನ ಬೇಕರಿಯಲ್ಲಿ ಯಾವಾಗ ಜಾಲರಿ ಹತ್ತಿತು, ಯಾವಾಗ ಇಳಿಯಿತು, ನಿಕನೋರ್ ಸಾಂಚೆಸ್‌ನ ಬಲಗೈಯ ನಾಲ್ಕು ಬೆರಳು ಯಾವ ದಿನ ಹೋದವು, ಹೇಳಿ ಕಳಿಸಿದವನು ಯಾರು, ಕಳಿಸಿದವಳು ಯಾರು. ಕೆಳಗೆ ಪೂರ್ಣ ಹೆಸರು, ಸಹಿ. ಮೂವತ್ತೆಂಟು ಪ್ರತಿ ತೆಗೆದು ವ್ಯಾನಿನವನ ಕೈಗೆ ಕೊಟ್ಟಳು.

ಶುಕ್ರವಾರ ಮೂವತ್ತೆಂಟು ಸಹಿ ಬಂದವು. ಸಂಜೆ ಫೋನು ಬಡಿದುಕೊಂಡಾಗ ಅವಳು ಎದ್ದು ನಿಂತೇ ಎತ್ತಿಕೊಂಡಳು. ಪೆರಾಸ್ಸೊ, ಹಿಟ್ಟಿನ ಫಾರಂ ಯಾವ ಬಣ್ಣದ್ದು ಎಂದು ಕೇಳಿದ.